ರಿಂಗ್ ರೋಡ್ ಆದ ಮೇಲೂ ಜಾಮ್ ಯಾಕೆ? ಶಿವಮೊಗ್ಗಕ್ಕೆ ಲೆಕ್ಕ ಹಾಕೋದು ಹೇಗೆ?

ಗಾಡಿಕೊಪ್ಪ_ತಿರುವು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಡಾವಣೆ ಸಂಘದ ಸಭೆಗೆ ಶಿವಮೊಗ್ಗದ ಸುತ್ತಿನ ರಿಂಗ್ ರೋಡ್ ಬಗ್ಗೆ ಹತ್ತು ನಿಮಿಷದ ವಿವರಣೆ ಸಿದ್ಧ ಮಾಡಬೇಕು. ಭಾಷಣ ಬೇಡ, ಲೆಕ್ಕ ಬೇಕು.

ಹ್ಯೂಸ್ಟನ್‌ನ 610, ಅಟ್ಲಾಂಟಾದ 285, ಲಂಡನ್ನಿನ ಎಂ25, ಇವೆಲ್ಲ ಊರು ಸುತ್ತುವ, ಸಿಗ್ನಲ್ಲೇ ಇಲ್ಲದ ಅಗಲವಾದ ಲೂಪ್‌ಗಳು. ಆದರೂ ದಿನಾ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಗಾಡಿ ನಿಲ್ಲುತ್ತವೆ. ಹಾಗಾದರೆ ಸುತ್ತಿ ಹೋಗೋದು ಯಾರಿಗೆ ಲಾಭ, ಯಾರಿಗೆ ನಷ್ಟ? ಜಾಮ್ ಹುಟ್ಟೋದು ಎಲ್ಲಿ? ಆ ರಸ್ತೆಗಳ ಪಾಠ ನಮ್ಮ ಬೈಕು, ಆಟೋ, ಟ್ರ್ಯಾಕ್ಟರ್ ಬೆರಕೆಗೆ ಹೊಂದುತ್ತಾ? ಇನ್ನೊಂದು, ಏಳೆಂಟು ಜನ ಒಂದು ದಿನ ರಸ್ತೆ ಬದಿ ಕೂತರೆ ಏನನ್ನು ಎಣಿಸಬಹುದು?

ಎರಡು_ರೇಡಿಯನ್

ಮೊದಲನೇ ಪ್ರಶ್ನೆಗೆ ಕೋನಮಾಪಕ ಒಂದಿದ್ದರೆ ಸಾಕು. ಊರಿನ ನಡುವಿನಿಂದ ರಿಂಗ್‌ಗೆ ಇರುವ ದೂರ 5 ಕಿ.ಮೀ. ಅಂದುಕೊಳ್ಳಿ. ಒಂದು ಕಡೆಯಿಂದ ಬಂದು ನಡುವೆ ಹಾದು ಇನ್ನೊಂದು ಕಡೆ ಹೊರಬಿದ್ದರೆ 10 ಕಿ.ಮೀ., ಎರಡು ರಸ್ತೆಗಳ ನಡುವಿನ ಕೋನ ಎಷ್ಟೇ ಇರಲಿ. ರಿಂಗ್ ಮೇಲೆ ಹೋದರೆ ದೂರ ಕೋನಕ್ಕೆ ತಕ್ಕಂತೆ ಬೆಳೆಯುತ್ತೆ. ಎರಡೂ ಸಮವಾಗೋದು 2 ರೇಡಿಯನ್‌ನಲ್ಲಿ, ಅಂದರೆ ಸುಮಾರು 115 ಡಿಗ್ರಿ. ಅದಕ್ಕಿಂತ ಕಡಿಮೆ ಕೋನಕ್ಕೆ ರಿಂಗೇ ಹತ್ತಿರ. ಅದಕ್ಕಿಂತ ಹೆಚ್ಚಾದರೆ ರಿಂಗ್ ದೂರ, ವೇಗದಲ್ಲಿ ಗೆದ್ದರೆ ಮಾತ್ರ ಲಾಭ.

ಇದನ್ನು ನಮ್ಮ ನಕ್ಷೆ ಮೇಲಿಡಿ. ಅಮೀರ್ ಅಹಮದ್ ಸರ್ಕಲ್ ಕೇಂದ್ರ ಅಂತಿಟ್ಟುಕೊಂಡರೆ ತೀರ್ಥಹಳ್ಳಿ ರಸ್ತೆ ಮತ್ತು ಸಾಗರ ರಸ್ತೆ ನಡುವೆ ಸಣ್ಣ ಕೋನ. ಅಲ್ಲಿ ರಿಂಗ್ ಇದ್ದರೆ ಯಾರನ್ನೂ ಒಪ್ಪಿಸಬೇಕಿಲ್ಲ, ಜನ ತಾವೇ ಹೋಗುತ್ತಾರೆ. ಭದ್ರಾವತಿಯಿಂದ ಸಾಗರಕ್ಕೆ ಹೋಗುವವನ ಕಥೆ ಬೇರೆ, ಅವನಿಗೆ ಹೆಚ್ಚುಕಡಿಮೆ ಅರ್ಧ ವೃತ್ತ. ಅರ್ಧ ವೃತ್ತ ಅಂದರೆ 15.7 ಕಿ.ಮೀ., ಊರ ನಡುವಿನ ಬಿ.ಎಚ್. ರಸ್ತೆ ಹಿಡಿದರೆ 10. ಊರೊಳಗೆ ಸರಾಸರಿ ಗಂಟೆಗೆ 18 ಕಿ.ಮೀ. ಸಿಕ್ಕರೂ 33 ನಿಮಿಷ. ರಿಂಗ್ ಮೇಲೆ 50ರಲ್ಲಿ ಹೋದರೆ 19 ನಿಮಿಷ. ಗೆದ್ದಂಗೆ ಕಾಣುತ್ತೆ ಅಲ್ವಾ? ಈಗ ದಾರಿಯಲ್ಲಿ ನಾಲ್ಕು ಜಂಕ್ಷನ್ ಇಡಿ, ಒಂದೊಂದರಲ್ಲಿ 2 ನಿಮಿಷ: 27 ಆಯ್ತು. ಆರು ಜಂಕ್ಷನ್, ಒಂದೊಂದರಲ್ಲಿ 3 ನಿಮಿಷ: 37. ಸೋತಿತು.

ಅದಕ್ಕೇ ರಿಂಗ್ ರೋಡಿನ ಅಗಲಕ್ಕಿಂತ ಮೊದಲು ಕೇಳಬೇಕಾದ್ದು ಅದನ್ನು ಅಡ್ಡ ಹಾಯುವ ರಸ್ತೆಗಳು ಎಷ್ಟು, ಅಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ.

ಲಾರಿಯವನ ಲೆಕ್ಕ ಇನ್ನೂ ಬಿಗಿ. ಲೀಟರಿಗೆ 4 ಕಿ.ಮೀ. ಕೊಡುವ ಲಾರಿಗೆ 5.7 ಕಿ.ಮೀ. ಸುತ್ತು ಅಂದರೆ ಹತ್ತಿರ ಒಂದೂವರೆ ಲೀಟರ್ ಡೀಸೆಲ್. ರಾತ್ರಿ 11ಕ್ಕೆ ಬಿ.ಎಚ್. ರಸ್ತೆ ಖಾಲಿ ಇದ್ದರೆ ಅವನು ಯಾಕೆ ಸುತ್ತುತ್ತಾನೆ? ಅಟ್ಲಾಂಟಾದಲ್ಲಿ ಆರಕ್ಕಿಂತ ಹೆಚ್ಚು ಚಕ್ರದ, ಊರು ಹಾದುಹೋಗುವ ಲಾರಿಗಳು 285ನೇ ಹೆದ್ದಾರಿಯಲ್ಲೇ ಸುತ್ತಬೇಕು ಅಂತ ನಿಯಮವೇ ಇದೆ. ಆ ಲೂಪ್ ಸುಮಾರು 103 ಕಿ.ಮೀ., ನಿಯಮ ಇಲ್ಲದಿದ್ದರೆ ಬಹಳಷ್ಟು ಲಾರಿ ಒಳಗೇ ನುಗ್ಗುತ್ತಿದ್ದವು.

ನಮ್ಮಲ್ಲಿ ಹೊಳೆಯೊಂದು ಬೇರೆ ಇದೆ. ತುಂಗೆ ದಾಟದೆ ವೃತ್ತ ಮುಚ್ಚಲ್ಲ, ಎರಡು ಕಡೆ ದಾಟಲೇಬೇಕು. ಒಂದು ಸೇತುವೆ ಬಾಕಿ ಉಳಿದರೂ ಅದು ರಿಂಗ್ ಅಲ್ಲ, ಕುದುರೆ ಲಾಳ. ಲಾಳದ ತುದಿ ತಲುಪಿದ ಗಾಡಿಗಳೆಲ್ಲ ತಿರುಗಿ ಊರಿನ ಸೇತುವೆಗೇ ಬರುತ್ತವೆ.

ನಿಂತ_ಅಲೆ

ಎರಡನೇ ಪ್ರಶ್ನೆ, ಜಾಮ್ ಹುಟ್ಟೋ ಜಾಗ. ಇದರಲ್ಲಿ ನೇರ ಹೆದ್ದಾರಿಗೂ ಲೂಪ್‌ಗೂ ಬಹಳ ವ್ಯತ್ಯಾಸ ಇದೆ.

ಊರಿಗೆ ಬರುವ ನೇರ ಹೆದ್ದಾರಿಯಲ್ಲಿ ಬೆಳಿಗ್ಗೆ ಒಳಮುಖ, ಸಂಜೆ ಹೊರಮುಖ. ಲೂಪ್‌ನಲ್ಲಿ ಹಾಗೆ ಒಂದು ಕಡೆಗೆ ವಾಲೋದು ಕಡಿಮೆ, ಎರಡೂ ದಿಕ್ಕಿಗೆ ಹತ್ತಿರ ಹತ್ತಿರ ಸಮ. ಪೀಕ್, ಅಂದರೆ ಗಾಡಿ ಅತಿ ಹೆಚ್ಚಿರುವ ಹೊತ್ತು ಕೂಡ ಚೂಪಾಗಿರಲ್ಲ, ಗಂಟೆಗಟ್ಟಲೆ ಎಳೆಯುತ್ತೆ, ಮಧ್ಯಾಹ್ನವೂ ಪೂರ್ತಿ ಇಳಿಯಲ್ಲ. ಕಾರಣ, ಪೂರ್ತಿ ಸುತ್ತು ಹಾಕುವವರು ಯಾರೂ ಇಲ್ಲ. ಹೆಚ್ಚಿನವರು ಒಂದು ಕಡೆ ಹತ್ತಿ ಎರಡು ಮೂರು ಎಕ್ಸಿಟ್ ಆಚೆ ಇಳಿಯುವವರು. ಹತ್ತುವ ಗಾಡಿ ಎಡದಿಂದ ಬಲಕ್ಕೆ, ಇಳಿಯುವ ಗಾಡಿ ಬಲದಿಂದ ಎಡಕ್ಕೆ, ಅದೇ ನಾಲ್ಕೈನೂರು ಮೀಟರಿನಲ್ಲಿ ಜಡೆ ಹೆಣೆದಂಗೆ ಒಂದನ್ನೊಂದು ದಾಟಬೇಕು. (ನಮ್ಮ ಎಡಬದಿ ಚಾಲನೆಯ ಲೆಕ್ಕದಲ್ಲಿ ಹೇಳ್ತಿದೀನಿ, ಅಮೆರಿಕಕ್ಕೆ ಕನ್ನಡಿ ಹಿಡೀರಿ.) ಹೂವಿನ ಎಸಳಿನ ಆಕಾರದ ಹಳೇ ಕ್ಲೋವರ್‌ಲೀಫ್ ಇಂಟರ್‌ಚೇಂಜ್‌ಗಳಲ್ಲಿ ಈ ಹೆಣಿಗೆ ಜಾಗ ತೀರಾ ಗಿಡ್ಡ, ವೇಗ ಮೊದಲು ಬೀಳೋದೇ ಅಲ್ಲಿ.

ಇನ್ನು ನಿಲ್ಲೋದು ಹೇಗೆ ಅಂತ. ಒಳ್ಳೆ ಫ್ರೀವೇಯ (ಸಿಗ್ನಲ್, ಅಡ್ಡರಸ್ತೆ ಇಲ್ಲದ ಹೆದ್ದಾರಿ) ಒಂದು ಲೇನ್ ಆದರ್ಶ ಸ್ಥಿತಿಯಲ್ಲಿ ಗಂಟೆಗೆ 2,200ರಿಂದ 2,400 ಕಾರು ಸಾಗಿಸುತ್ತೆ. ಆ ಮಟ್ಟ ತಲುಪಿದಾಗ ಒಬ್ಬ ಬ್ರೇಕ್ ಮುಟ್ಟಿದರೆ ಸಾಕು, ಹಿಂದಿನವನು ಸ್ವಲ್ಪ ಜಾಸ್ತಿ, ಅವನ ಹಿಂದಿನವನು ಇನ್ನೂ ಜಾಸ್ತಿ ಒತ್ತುತ್ತಾನೆ. 2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ಇದನ್ನು ವೃತ್ತದ ಮೇಲೇ ತೋರಿಸಿದ್ದಾರೆ: 230 ಮೀಟರ್ ಸುತ್ತಳತೆ, 22 ಕಾರು, ಎಲ್ಲರಿಗೂ ಒಂದೇ ವೇಗದಲ್ಲಿ ಹೋಗಿ ಅಂತ ಸೂಚನೆ. ಅಡ್ಡಿ ಏನೂ ಇಲ್ಲದೆಯೇ ಗುಂಪು ಕಟ್ಟಿ ನಿಂತವು, ಆ ನಿಂತ ಅಲೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯಿತು. ಸಭೆಯಲ್ಲಿ ಅದರ ವಿಡಿಯೊ ಹಾಕಿ, ಮಾತೇ ಬೇಡ. ಒಮ್ಮೆ ಹರಿವು ಮುರಿದರೆ ಅದೇ ಲೇನು ಮೊದಲಿನಷ್ಟು ಸಾಗಿಸಲ್ಲ, ನೂರಕ್ಕೆ ಐದು, ಕೆಲವು ಕಡೆ ಹತ್ತಕ್ಕೂ ಹೆಚ್ಚು ಇಳಿಯುತ್ತೆ. ಹಾಗಾಗಿ ಬಂದ ಜಾಮ್ ಗಾಡಿ ಕಡಿಮೆಯಾದ ತಕ್ಷಣ ಕರಗಲ್ಲ.

ಆದರೆ ಲೂಪ್‌ನ ನಿಜವಾದ ರೋಗ ಎಕ್ಸಿಟ್‌ನಲ್ಲಿದೆ. ಒಂದು ಉದಾಹರಣೆ ಲೆಕ್ಕ. ಇಳಿಯುವ ರ‍್ಯಾಂಪ್ 400 ಮೀಟರ್. ಕೆಳಗಿನ ಸಿಗ್ನಲ್ ಗಂಟೆಗೆ 900 ಗಾಡಿ ಬಿಡುತ್ತೆ, ಇಳಿಯಲು ಬರೋದು 1,100. ಉಳಿಕೆ 200. ನಿಂತ ಕಾರಿಗೆ ಬಂಪರ್ ಅಂತರ ಸೇರಿ 7 ಮೀಟರ್ ಅಂದರೆ ರ‍್ಯಾಂಪ್ ಹಿಡಿಸೋದು 57 ಕಾರು. ಹದಿನೇಳು ನಿಮಿಷಕ್ಕೆ ತುಂಬಿತು. ಹದಿನೆಂಟನೇ ನಿಮಿಷದಿಂದ ಸಾಲು ಮುಖ್ಯ ರಸ್ತೆಯ ಎಡ ಲೇನಿನಲ್ಲಿದೆ. ಅಲ್ಲಿಗೆ ಮುಂದೆ ಹೋಗುವವರಿಗೂ ಒಂದು ಲೇನು ಹೋಯ್ತು, ಅಲ್ಲಿ ಇಳಿಯೋದೇ ಇಲ್ಲದವರೂ ಕಾಯ್ತಾರೆ.

ಆಮೇಲೆ ಸಾಲು ಇನ್ನೂ ಹಿಂದಕ್ಕೆ ಬೆಳೆದು ಹಿಂದಿನ ಎಕ್ಸಿಟ್‌ನ ಬಾಯಿ ಮುಚ್ಚುತ್ತೆ. ಅಲ್ಲಿ ಇಳಿಯಬೇಕಾದವರು ಇಳಿಯಲಾರರು, ಅವರದ್ದೊಂದು ಸಾಲು ಶುರು, ಅದು ಅದರ ಹಿಂದಿನ ಎಕ್ಸಿಟ್ ಮುಚ್ಚುತ್ತೆ. ನೇರ ರಸ್ತೆಯಲ್ಲಿ ಈ ಸರಪಳಿಗೆ ಒಂದು ತುದಿ ಇರುತ್ತೆ. ವೃತ್ತದಲ್ಲಿ ತುದಿ ಇಲ್ಲ, ತನ್ನ ಬಾಲವನ್ನು ತಾನೇ ಕಚ್ಚುತ್ತೆ. ಬ್ರಿಟನ್ನಿನ ಸಣ್ಣ ರೌಂಡ್‌ಅಬೌಟ್‌ಗಳು ಹೀಗೇ ಬೀಗ ಬೀಳುತ್ತಿದ್ದವು. 1966ರಲ್ಲಿ, ಸುತ್ತುತ್ತಿರುವ ಗಾಡಿಗೆ ಒಳಬರುವ ಗಾಡಿ ದಾರಿ ಬಿಡಬೇಕು ಅಂತ ನಿಯಮ ಬಂದ ಮೇಲೆ ಬೀಗ ಬಿಚ್ಚಿತು. ದೊಡ್ಡ ಲೂಪ್‌ಗೂ ಮದ್ದು ಅದೇ: ಹೊರಹೋಗುವ ದಾರಿ ಅಗಲ ಇರಲಿ, ಒಳಬರುವ ದಾರಿಗೆ ತಡೆ ಇರಲಿ.

ಒಳಬರುವ ತಡೆ ಅಂದರೆ ರ‍್ಯಾಂಪ್ ಮೀಟರ್, ಹತ್ತುವ ದಾರಿಯಲ್ಲಿ ಒಂದು ಹಸಿರಿಗೆ ಒಂದೋ ಎರಡೋ ಕಾರು ಬಿಡುವ ದೀಪ. ಅಮೆರಿಕದ ಮಿನ್ನೆಸೋಟದಲ್ಲಿ 2000ನೇ ಇಸವಿಯಲ್ಲಿ ಜನರ ತಕರಾರಿಗೆ ಆರು ವಾರ ಎಲ್ಲ ಮೀಟರ್ ಆರಿಸಿ ನೋಡಿದರು. ಹೆದ್ದಾರಿ ಸಾಗಿಸಿದ ಗಾಡಿ ಶೇ. 9 ಇಳಿಯಿತು, ಪ್ರಯಾಣದ ಸಮಯ ಶೇ. 22 ಏರಿತು, ಅಪಘಾತ ಶೇ. 26 ಹೆಚ್ಚಿತು.

ಸವಳಂಗ_ರೋಡ್_ಬೈಕು

ಎಲ್ಲ ಸರಿ ಮಾರಾಯ್ರೆ, ಆದರೆ ಲೇನ್ ಲೆಕ್ಕ ಇಲ್ಲಿಗೆ ತರಬೇಡಿ. ನಮ್ಮ ರಸ್ತೆಯಲ್ಲಿ ಲೇನ್ ಅನ್ನೋದು ಬಳಿದ ಬಣ್ಣ ಅಷ್ಟೇ. ಬೈಕು ಸಂದಿಯಲ್ಲಿ ನುಗ್ಗುತ್ತೆ, ಟ್ರ್ಯಾಕ್ಟರ್ ಟ್ರೈಲರ್ ಹಿಂದೆ ಇಪ್ಪತ್ತು ಗಾಡಿ ತೆವಳುತ್ತೆ. ಫ್ರೀವೇ ಅಂದರೆ ಪಕ್ಕದ ಸೈಟಿನಿಂದ ನೇರ ಹತ್ತುವ ಹಾಗಿಲ್ಲ, ಡಿವೈಡರ್ ಸಂದಿ ಇಲ್ಲ, ನಡೆದು ದಾಟೋರಿಲ್ಲ. ನಮ್ಮ ರಿಂಗ್ ರೋಡ್‌ಗಳಲ್ಲಿ ಈ ಮೂರೂ ಇರುತ್ತೆ. ಹೋಲಿಸೋದಾದರೆ ಹೈದರಾಬಾದಿನ 158 ಕಿ.ಮೀ. ಹೊರವರ್ತುಲಕ್ಕೆ 610ನ್ನು ಹೋಲಿಸಿ, ಅಲ್ಲಿ ನಿಗದಿತ ಜಾಗದಲ್ಲಿ ಮಾತ್ರ ಹತ್ತಿ ಇಳಿಯೋದು. ನಮಗೆ ಹತ್ತಿರದ್ದು ಬೆಂಗಳೂರಿನ ಔಟರ್ ರಿಂಗ್ ರೋಡ್.

ನಿಂತ_ಅಲೆ

ಒಪ್ಪಿದೆ, ಲೇನಿಗೆ 2,200 ಇಲ್ಲಿ ಬರಲ್ಲ. ಆದರೆ ಎಕ್ಸಿಟ್‌ನ ಸಾಲು ಹಿಂದಕ್ಕೆ ಬೆಳೆಯೋದಕ್ಕೆ ಲೇನ್ ಶಿಸ್ತು ಬೇಕಿಲ್ಲ, ಹೆಬ್ಬಾಳದಲ್ಲಿ, ಸಿಲ್ಕ್ ಬೋರ್ಡ್‌ನಲ್ಲಿ ಅದೇ ಆಗೋದು. ಇನ್ನೊಂದು ಹೋಲಿಕೆಯೂ ಇದೆ. 610ರ ಪಶ್ಚಿಮ ಭಾಗ ಗ್ಯಾಲರಿಯಾ ಮಾಲ್ ಬಳಿ ಕಟ್ಟಿಕೊಳ್ಳೋದು ಬರೀ ಹಾದುಹೋಗುವವರಿಂದಲ್ಲ, ಲೂಪ್‌ನ ದಡದಲ್ಲೇ ಆಫೀಸು, ಅಂಗಡಿಗಳ ಇನ್ನೊಂದು ಪೇಟೆ ಎದ್ದಿದೆ. ಮಾರತಹಳ್ಳಿ ಕಡೆ ನಡೆದದ್ದೂ ಅದೇ. ಊರು ತಪ್ಪಿಸಲು ಹಾಕಿದ ರಸ್ತೆಯೇ ಊರಿನ ಮುಖ್ಯ ಬೀದಿ ಆಗುತ್ತೆ.

ಪಿಸಿಯು_ಪಟ್ಟಿ

ಬೆರಕೆ ಗಾಡಿಗೆ ಲೆಕ್ಕ ಇಲ್ಲ ಅನ್ನೋದು ತಪ್ಪು, ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 106ನೇ ಸಂಹಿತೆ, 1990ರದ್ದು, ನಗರದ ರಸ್ತೆಗಳಿಗಾಗಿಯೇ ಮಾಡಿದ್ದು. ಎಲ್ಲ ಗಾಡಿಯನ್ನೂ ಕಾರಿನ ಲೆಕ್ಕಕ್ಕೆ ತರುತ್ತೆ, ಅದಕ್ಕೆ ಪಿಸಿಯು ಅಂತಾರೆ. ಒಟ್ಟು ಗಾಡಿಯಲ್ಲಿ ಆ ಬಗೆಯ ಪಾಲು ಶೇ. 5 ಇದ್ದರೆ ಒಂದು ಗುಣಕ, ಶೇ. 10 ಅಥವಾ ಮೇಲಿದ್ದರೆ ಇನ್ನೊಂದು. ಬೈಕು 0.5 ಮತ್ತು 0.75. ಕಾರು 1. ಆಟೋ 1.2 ಮತ್ತು 2. ಲಘು ಸರಕು ವಾಹನ 1.4 ಮತ್ತು 2. ಬಸ್ಸು ಲಾರಿ 2.2 ಮತ್ತು 3.7. ಟ್ರ್ಯಾಕ್ಟರ್ ಟ್ರೈಲರ್ 4 ಮತ್ತು 5.

ಎರಡೂ ದಿಕ್ಕು ಸೇರಿ ಒಂದು ಗಂಟೆಗೆ ಹೀಗೆ ಬಂತು ಅಂದುಕೊಳ್ಳಿ (ಇದು ಕಲಿಯಲು ಇಟ್ಟ ಅಂಕಿ, ಯಾವ ರಸ್ತೆಯದೂ ಅಲ್ಲ): ಬೈಕು 1,200, ಕಾರು 420, ಆಟೋ 220, ಲಘು ಸರಕು 90, ಬಸ್ಸು ಲಾರಿ 100, ಟ್ರ್ಯಾಕ್ಟರ್ 12. ಒಟ್ಟು 2,042 ಗಾಡಿ. ಬೈಕಿನ ಪಾಲು ಶೇ. 59, ಆದ್ದರಿಂದ 0.75 ಹಿಡಿದು 900. ಕಾರು 420. ಆಟೋ ಶೇ. 10 ದಾಟಿದೆ, 440. ಲಘು ಸರಕು 126. ಬಸ್ಸು ಲಾರಿ 220. ಟ್ರ್ಯಾಕ್ಟರ್ 48. ಕೂಡಿದರೆ 2,154 ಪಿಸಿಯು.

ಹನ್ನೆರಡು ಟ್ರ್ಯಾಕ್ಟರ್ 48 ಕಾರಿನ ಜಾಗ ತಿಂದಿದ್ದು ನೋಡಿ.

ಅದೇ ಸಂಹಿತೆಯ ಪ್ರಕಾರ ಎರಡೂ ದಿಕ್ಕು ಓಡುವ 2 ಲೇನಿನ ಮುಖ್ಯ ರಸ್ತೆಗೆ ಗಂಟೆಗೆ 1,500 ಪಿಸಿಯು, ಡಿವೈಡರ್ ಇರುವ 4 ಲೇನಿಗೆ 3,600, 6 ಲೇನಿಗೆ 5,400. ಅಂದರೆ ಈ ಉದಾಹರಣೆಯ ಗಾಡಿಗಳು 2 ಲೇನಿನಲ್ಲಿ ಉಸಿರುಗಟ್ಟುತ್ತವೆ, 4 ಲೇನಿನಲ್ಲಿ ಆರಾಮ. ಆದರೆ ಈ 3,600 ಬರೋದು ಬದಿಯಲ್ಲಿ ಪಾರ್ಕಿಂಗ್ ಇಲ್ಲದೆ, ಅಂಗಡಿ ಮುಂಗಟ್ಟಿನ ಗಲಾಟೆ ಇಲ್ಲದೆ ಇದ್ದಾಗ ಮಾತ್ರ. ರಸ್ತೆಗೆ ಮುಖ ಮಾಡಿ ಎರಡು ಕಲ್ಯಾಣ ಮಂಟಪ ಬಂದರೆ ಮುಹೂರ್ತದ ದಿನ ಎಡಗಡೆ ಲೇನ್ ಲೆಕ್ಕಕ್ಕೆ ಬಿಟ್ಟುಬಿಡಿ.

ಗಾಡಿಕೊಪ್ಪ_ತಿರುವು

ಇದೇ ಬೇಕಿತ್ತು, ಧನ್ಯವಾದ. ಎಣಿಕೆಗೆ ಏಳೆಂಟು ಜನ ಸಿಗ್ತಾರೆ. ಊರು ಹಾದುಹೋಗುವ ಗಾಡಿ ಎಷ್ಟು, ಊರಿಗೇ ಬರುವ ಗಾಡಿ ಎಷ್ಟು ಅಂತ ಬಿಡಿಸಬಹುದಾ? ಶಿವಮೊಗ್ಗದ ಕೆಎ 14 ಬಿಟ್ಟು ಉಳಿದ ನಂಬರೆಲ್ಲ ಹಾದುಹೋಗುವವು ಅಂತ ಹಿಡಿದರೆ ಸಾಕಾ?

ಪಿಸಿಯು_ಪಟ್ಟಿ

ಸಾಲದು, ಹಾಗೆ ಮಾಡಲೇಬೇಡಿ. ಕೆಎ 20ರ ಉಡುಪಿ ಕಾರು ಇಲ್ಲಿನ ಆಸ್ಪತ್ರೆಗೋ ಮದುವೆಗೋ ಬಂದಿರುತ್ತೆ, ಕೆಎ 14ರ ಲಾರಿ ಭದ್ರಾವತಿಯಿಂದ ಸಾಗರಕ್ಕೆ ನಿಲ್ಲದೆ ಹೋಗುತ್ತಿರುತ್ತೆ. ನಂಬರ್ ಹೊಂದಿಸಬೇಕು.

ಎಲ್ಲ ರಸ್ತೆ ಹಿಡಿಯೋಕೆ ಹೋಗಬೇಡಿ. ಎಂಟು ಜನಕ್ಕೆ ಎರಡು ಜಾಗ ಸಾಕು: ಭದ್ರಾವತಿ ರಸ್ತೆಯಲ್ಲಿ ಮಲವಗೊಪ್ಪದ ಹತ್ತಿರ, ಸಾಗರ ರಸ್ತೆಯಲ್ಲಿ ಗಾಡಿಕೊಪ್ಪದ ಆಚೆ. ಒಂದೊಂದು ಕಡೆ ನಾಲ್ವರು. ಇಬ್ಬರು ದಿಕ್ಕಿಗೊಬ್ಬರಂತೆ ಬಗೆ ಬಗೆಯಾಗಿ ಗೀಟು ಹಾಕೋದು, ಐದನೇ ಗೀಟು ಅಡ್ಡ, ಪ್ರತಿ 15 ನಿಮಿಷಕ್ಕೆ ಹೊಸ ಹಾಳೆ. ಇನ್ನಿಬ್ಬರು ದಿಕ್ಕಿಗೊಬ್ಬರಂತೆ ನಂಬರಿನ ಕೊನೆಯ ನಾಲ್ಕು ಅಂಕಿ, ಗಾಡಿ ಬಗೆ, ನಿಮಿಷ ಮಾತ್ರ ಫೋನಿಗೆ ಹೇಳಿ ರೆಕಾರ್ಡ್ ಮಾಡೋದು. ಬರೆಯೋಕೆ ಹೋದರೆ ತಪ್ಪುತ್ತೆ. ಬೈಕಿನ ನಂಬರ್ ಬೇಡ, ಕಾರು, ಲಾರಿ, ಲಘು ಸರಕು ಸಾಕು. ಪೂರ್ತಿ ನಂಬರ್ ಇಟ್ಟುಕೊಳ್ಳೋ ಅಗತ್ಯವೂ ಇಲ್ಲ. ಶುರು ಮಾಡುವ ಮೊದಲು ಎಲ್ಲರ ಗಡಿಯಾರ ಒಂದೇ ಮಾಡಿ, ಐದು ನಿಮಿಷ ಹಿಂದೆ ಮುಂದೆ ಆದರೆ ಹೊಂದಿಸಿದ್ದೆಲ್ಲ ನೀರುಪಾಲು.

ಮಲವಗೊಪ್ಪದಲ್ಲಿ ಕಂಡ ನಂಬರು ಗಾಡಿಕೊಪ್ಪದಲ್ಲಿ 50 ನಿಮಿಷದೊಳಗೆ ಕಂಡರೆ ಅದು ಹಾದುಹೋದದ್ದು. ಎರಡು ಗಂಟೆ ಬಿಟ್ಟು ಕಂಡರೆ ಊರಲ್ಲಿ ಕೆಲಸ ಮುಗಿಸಿ ಹೋದದ್ದು, ರಿಂಗ್ ಇದ್ದರೂ ಅದು ಒಳಗೇ ಬರುತ್ತಿತ್ತು. ಗಡಿ 50 ನಿಮಿಷವೇ ಅಂತಲ್ಲ, ಅವತ್ತೇ ಒಂದು ಕಾರಿನಲ್ಲಿ ಹೋಗಿ ಅಳೆದು, ಅದರ ಒಂದೂವರೆ ಪಟ್ಟು ಇಡಿ. ನಾಲ್ಕಂಕಿ ಆಕಸ್ಮಿಕವಾಗಿ ಹೊಂದೋದೂ ಇದೆ, ಅದಕ್ಕೇ ಗಾಡಿ ಬಗೆ ಬರೆದುಕೊಳ್ಳೋದು.

ಪೀಕ್ ಎಷ್ಟು ಚೂಪು ಅಂತ ನೋಡೋಕೆ ಆ ಗಂಟೆಯ ಒಟ್ಟನ್ನು ಅದರೊಳಗಿನ ಅತಿ ಹೆಚ್ಚಿನ ಕಾಲುಗಂಟೆಯ ನಾಲ್ಕು ಪಟ್ಟಿನಿಂದ ಭಾಗಿಸಿ. ಮೇಲಿನ 2,154ರಲ್ಲಿ ಒಂದು ಕಾಲುಗಂಟೆ 600 ಇದ್ದರೆ 0.90. 1ಕ್ಕಿಂತ ಕೆಳಗಿಳಿದಷ್ಟೂ ಪೀಕ್ ಚೂಪು. ಶಾಲೆ ಬಿಡುವ ಹೊತ್ತಿನ ರಸ್ತೆಗಳಲ್ಲಿ ಇದು ಇನ್ನೂ ಕೆಳಗಿಳಿಯುತ್ತೆ. ಅಂಥ ಕಡೆ ಗಂಟೆಯ ಸರಾಸರಿ ನೋಡಿ ವಿನ್ಯಾಸ ಮಾಡಿದರೆ ಆ ಕಾಲುಗಂಟೆ ದಿನಾ ಕೈಕೊಡುತ್ತೆ.

ಹಳದಿ_ದೀಪ

ಜಂಕ್ಷನ್ ಬಗ್ಗೆ ಯಾರೂ ಲೆಕ್ಕ ಕೊಟ್ಟಿಲ್ಲ, ಹಾಗಾಗಿ ನನ್ನದು. ಸಿಗ್ನಲ್‌ನ ಪೂರ್ತಿ ಸುತ್ತು ಎಷ್ಟು ಸೆಕೆಂಡ್ ಇರಬೇಕು ಅನ್ನೋದಕ್ಕೆ ವೆಬ್‌ಸ್ಟರ್ ಸೂತ್ರ: ನಷ್ಟ ಸಮಯದ (ದೀಪ ಬದಲಾಗುವಾಗ ಯಾರೂ ಸಾಗದೆ ಹೋಗುವ ಸೆಕೆಂಡುಗಳು) ಒಂದೂವರೆ ಪಟ್ಟಿಗೆ 5 ಸೇರಿಸಿ, ಅದನ್ನು 1ರಲ್ಲಿ ಒಟ್ಟು ಹರಿವಿನ ಅನುಪಾತ ಕಳೆದು ಉಳಿದದ್ದರಿಂದ ಭಾಗಿಸಿ. ಹರಿವಿನ ಅನುಪಾತ ಅಂದರೆ ಬರುವ ಪಿಸಿಯು ಭಾಗಿಸು ಹಸಿರಿದ್ದಾಗ ಆ ಬಾಯಿ, ಅಂದರೆ ಆ ಕಡೆಯ ರಸ್ತೆ, ಗಂಟೆಗೆ ಬಿಡಬಲ್ಲ ಪಿಸಿಯು. ಬಾಯಿ ಐದೂವರೆ ಮೀಟರಿಗಿಂತ ಅಗಲ ಇದ್ದರೆ ಮೀಟರಿಗೆ 525 ಹಿಡಿಯಿರಿ, 7 ಮೀಟರಿಗೆ 3,675. ಒಂದು ಸರದಿಯ ಹಸಿರು ಅಂದರೆ ಒಂದು ಹಂತ. ಹಂತಕ್ಕೊಂದರಂತೆ ಇದರಲ್ಲಿ ದೊಡ್ಡದನ್ನು ಕೂಡಿದರೆ ಒಟ್ಟು.

ನಾಲ್ಕು ಕಡೆಗೂ ಬೇರೆ ಬೇರೆ ಹಸಿರು ಕೊಟ್ಟರೆ ಹಂತಕ್ಕೆ 4 ಸೆಕೆಂಡಿನಂತೆ ನಷ್ಟ 16. ಅನುಪಾತ 0.70 ಇದ್ದರೆ 29 ಭಾಗಿಸು 0.30, ಅಂದರೆ 97 ಸೆಕೆಂಡ್. ಗಾಡಿ ಹೆಚ್ಚಿ ಅನುಪಾತ 0.85 ಆದರೆ? 193 ಸೆಕೆಂಡ್. ಮೂರು ನಿಮಿಷ ಯಾರೂ ಕಾಯಲ್ಲ, ಬೈಕುಗಳು ನುಸುಳುತ್ತವೆ, ಸಿಗ್ನಲ್ ಇದ್ದೂ ಇಲ್ಲದಂತೆ. ರಸ್ತೆ ಅಗಲ ಮಾಡದೆ ಇದನ್ನು ಇಳಿಸುವ ದಾರಿ ಅಂದರೆ ಬಲ ತಿರುವು ತೆಗೆದು, ಮುಂದೆ ಯು ಟರ್ನ್‌ಗೆ ಕಳಿಸಿ, ಎರಡೇ ಹಂತ ಮಾಡೋದು. ನಷ್ಟ 8, ಅನುಪಾತ 0.60ಕ್ಕೆ ಇಳಿದರೆ 17 ಭಾಗಿಸು 0.40, ಸುಮಾರು 43 ಸೆಕೆಂಡ್. ಆಗ ನಡೆಯುವವರನ್ನು ಮರೀಬೇಡಿ. 14 ಮೀಟರ್ ರಸ್ತೆ ಸೆಕೆಂಡಿಗೆ 1.2 ಮೀಟರಿನಂತೆ ದಾಟಲು 12 ಸೆಕೆಂಡ್, ಹೊರಡಲು 7, ಒಟ್ಟು 19 ಬೇಕೇ ಬೇಕು.

ಯು ಟರ್ನ್ ಸಂದಿಯನ್ನು ಜಂಕ್ಷನ್‌ಗೆ ಅಂಟಿಸಿ ಇಟ್ಟರೆ ತಿರುಗುವ ಬಸ್ಸಿನ ಹಿಂಭಾಗ ಜಂಕ್ಷನ್‌ನಲ್ಲೇ ಇರುತ್ತೆ. ತೀರಾ ದೂರ ಇಟ್ಟರೆ ಬೈಕಿನವರು ರಾಂಗ್ ಸೈಡಲ್ಲಿ ಬರ್ತಾರೆ, ಎಷ್ಟು ಫಲಕ ಹಾಕಿದರೂ ಅಷ್ಟೇ. ಸರ್ವಿಸ್ ರಸ್ತೆ ಎರಡೂ ಬದಿಗೆ, ಎರಡೂ ದಿಕ್ಕಿಗೆ ಇದ್ದರೆ ಈ ರೋಗ ಅರ್ಧ ವಾಸಿ. ಖಾಸಗಿ ಬಸ್ಸುಗಳ ಸ್ಟಾಪ್ ಜಂಕ್ಷನ್ ದಾಟಿದ ಮೇಲೆ ಇರಲಿ, ಮೊದಲು ಬೇಡ. ಮೊದಲಿದ್ದರೆ ಹಸಿರು ಬಿದ್ದಾಗ ಬಸ್ಸು ಜನ ಹತ್ತಿಸಿಕೊಳ್ಳುತ್ತಿರುತ್ತೆ, ಎಡಗಡೆಯ ಬಾಯಿ ಪೂರ್ತಿ ಬಂದ್.

ಮಳೆಯ ವಿಷಯ ಒಂದು. ತಿರುವಿನಲ್ಲಿ ರಸ್ತೆ ಒಂದೇ ಕಡೆ ವಾಲಿಸುವಾಗ ಮೇಲಿನ ಅರ್ಧದ ನೀರು ಡಿವೈಡರಿಗೆ ಬಂದು ನಿಲ್ಲುತ್ತೆ. ಅಲ್ಲಿ ಡಿವೈಡರ್ ಪಕ್ಕ ಚರಂಡಿ ಇಲ್ಲದಿದ್ದರೆ ಆಷಾಢದಲ್ಲಿ ಬಲ ಲೇನು ಕೆರೆ, ಗಾಡಿಯೆಲ್ಲ ಎಡಕ್ಕೆ. ಆ ದಿಕ್ಕಿನ 2 ಲೇನು ಆ ನೂರು ಮೀಟರಲ್ಲಿ ಒಂದೇ ಲೇನು.

ಗಾಡಿಕೊಪ್ಪ_ತಿರುವು

ಹಾಗಾದರೆ ಎಣಿಕೆಗೆ ಯಾವ ದಿನ? ಜುಲೈ ಕೊನೆ ಭಾನುವಾರ ಎಲ್ಲರೂ ಬಿಡುವಾಗಿದ್ದಾರೆ.

ಎರಡು_ರೇಡಿಯನ್

ಜುಲೈ ಬೇಡ, ಭಾನುವಾರವಂತೂ ಬೇಡವೇ ಬೇಡ. ಮಳೆಗಾಲದ ವಾರಾಂತ್ಯ ಸಾಗರ ರಸ್ತೆಯಲ್ಲಿ ಜೋಗಕ್ಕೆ ಹೋಗುವ ಕಾರುಗಳೇ ತುಂಬಿರುತ್ತವೆ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಲಾಂಚ್ ಕಾಯುವ ಪಾಡೂ ಇಲ್ಲ. ಅದೇ ಹೊತ್ತಿಗೆ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಬಿದ್ದರೆ ತೀರ್ಥಹಳ್ಳಿ ಕಡೆಯ ಲಾರಿ ಎಣಿಕೆ ಸುಳ್ಳಾಗುತ್ತೆ.

ನವೆಂಬರ್ ಕೊನೆಯ ನಂತರದ ಒಂದು ಮಂಗಳವಾರವೋ ಬುಧವಾರವೋ ಹಿಡಿಯಿರಿ, ಬೆಳಿಗ್ಗೆ 7ರಿಂದ ಸಂಜೆ 7. ಶಾಲೆ ಇರಬೇಕು, ಅಡಿಕೆ ಕೊಯ್ಲಿನ ಕಾಲ ಆಗಿರೋದರಿಂದ ಎಪಿಎಂಸಿಗೆ ಬರುವ ಗಾಡಿಯೂ ಸಿಗುತ್ತೆ. ಹೊರಡುವ ಮೊದಲು ಪಂಚಾಂಗ ತೆಗೆದು ಮುಹೂರ್ತ ಇಲ್ಲದ ದಿನವೇ ಅಂತ ನೋಡಿಕೊಳ್ಳಿ.